ಬಹು ಎಂಜಿನ್ ವಿಮಾನಚಾಲನೆ ಮತ್ತು ಹಾರಾಟ ಬೋಧನೆಯ ಅರ್ಹತೆ

ಒಂದಕ್ಕಿಂತ ಹೆಚ್ಚು ಎಂಜಿನ್‌ಗಳ ವಿಮಾನ ನಡೆಸಲು ಹಾಗೂ ಹಾರಾಟ ಕಲಿಸಲು ಪೈಲಟ್‌ಗಳು ಪಡೆಯಬೇಕಾದ ಪ್ರತ್ಯೇಕ ಅನುಮೋದನೆಗಳು. ಭಾರತದಲ್ಲಿ ಇವನ್ನು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ ನೀಡುತ್ತದೆ. ಇವನ್ನು ಸೇರಿಸಿಕೊಳ್ಳಬಹುದಾದ ವಾಣಿಜ್ಯ ಪೈಲಟ್ ಪರವಾನಗಿಗೆ ಕನಿಷ್ಠ 18 ವರ್ಷ ವಯಸ್ಸು, 200 ಗಂಟೆಗಳ ಹಾರಾಟ ಅಗತ್ಯ.

ಅವಳಿ ಎಂಜಿನ್ ತರಬೇತಿಯ ತಿರುಳು, ಒಂದು ಎಂಜಿನ್ ಕೆಟ್ಟಾಗಿನ ನಿಯಂತ್ರಣ. ಆಗ ವಿಮಾನ ಕೆಟ್ಟ ಎಂಜಿನ್ನಿನ ಕಡೆಗೆ ತಿರುಗುತ್ತದೆ. ಪೈಲಟ್ ರಡ್ಡರ್ (ಬಾಲದ ಚುಕ್ಕಾಣಿ) ಪೆಡಲ್ ಒತ್ತಿ ದಿಕ್ಕು ಹಿಡಿಯಬೇಕು. ವೇಗವು ಕನಿಷ್ಠ ನಿಯಂತ್ರಣ ವೇಗಕ್ಕಿಂತ, ಅಂದರೆ ವಿಮಾನ ಹಿಡಿತದಲ್ಲಿರಲು ಬೇಕಾದ ಕನಿಷ್ಠ ವೇಗಕ್ಕಿಂತ, ಕೆಳಗಿಳಿಯದಂತೆ ನೋಡಿಕೊಳ್ಳಬೇಕು. ಗಾಳಿಯ ತಡೆ ತಗ್ಗಿಸಲು ಕೆಟ್ಟ ಎಂಜಿನ್ನಿನ ಪ್ರೊಪೆಲ್ಲರಿನ ಅಲಗುಗಳನ್ನು ಗಾಳಿಯ ದಿಕ್ಕಿಗೆ ಸಮಾನಾಂತರವಾಗಿಸಬೇಕು. ಜೀವ ಉಳಿಸುವ ಕೌಶಲವಿದು.

ಹಾರಾಟ ಬೋಧನೆಯಲ್ಲಿ, ಸಹಾಯಕ ಬೋಧಕರು ಪೂರ್ಣ ಅರ್ಹತೆಯ ಬೋಧಕರ ಮೇಲ್ವಿಚಾರಣೆಯಲ್ಲಿ ಕಲಿಸುತ್ತಾರೆ. ಕರ್ನಾಟಕ ಸರ್ಕಾರದ ವೈಮಾನಿಕ ತರಬೇತಿ ಶಾಲೆ ಬೆಂಗಳೂರಿನ ಜಕ್ಕೂರಿನಲ್ಲಿದೆ.