ಹಡಗಿನ ಮೇಲೆ ಇಳಿದ ನಮ್ಮ ವಿಮಾನ: ಸೋತಿತೋ, ಗೆದ್ದಿತೋ?



ವಾಸ್ಕೋದಲ್ಲಿ ಬೆಳೆದ ನಮಗೆ ಫೈಟರ್ ವಿಮಾನದ ಸದ್ದು ಹೊಸದೇನಲ್ಲ. ದಾಬೋಳಿಯಿಂದ ಒಂದು ಮಿಗ್ ಮೇಲೆದ್ದರೆ ಮನೆಯಲ್ಲಿ ಮಾತು ಅಲ್ಲಿಗೇ ನಿಲ್ಲುತ್ತದೆ. ಅದು ದೂರ ಹೋದ ಮೇಲೆ ಅಮ್ಮ ಅದೇ ವಾಕ್ಯವನ್ನು ಮುಂದುವರಿಸುತ್ತಾರೆ. ಊರಿಂದ ಬಂದ ನೆಂಟರು ಮಾತ್ರ ಬೆಚ್ಚಿ ಹೊರಗೆ ಓಡಿ ಹೋಗಿ ನೋಡುತ್ತಾರೆ.

ಮೊನ್ನೆ ರಜೆಯಲ್ಲಿ ನಮ್ಮ ಯುವಸಂಘದ ಮಕ್ಕಳನ್ನು ಬೋಗ್ಮಾಳೊ ರಸ್ತೆಯಲ್ಲಿರುವ ನೌಕಾ ವಿಮಾನ ಮ್ಯೂಸಿಯಂಗೆ ಕರೆದುಕೊಂಡು ಹೋಗಿದ್ದೆವು. ಅಂಗಳದಲ್ಲಿ ಹಳೆಯ ಸೀ ಹಾಕ್, ಆಲಿಜೆ, ಸೀ ಹ್ಯಾರಿಯರ್ ವಿಮಾನಗಳು ನಿಂತಿವೆ. ಎಲ್ಲರೂ ಫೋಟೋ ತೆಗೆಯುತ್ತಿದ್ದಾಗ ಹತ್ತನೇ ತರಗತಿಯ ಹುಡುಗನೊಬ್ಬ ಕೇಳಿದ: "ಅಣ್ಣಾ, ಹಡಗಿನಿಂದ ಹಾರಿದ ಈ ವಿಮಾನಗಳಲ್ಲಿ ನಮ್ಮ ದೇಶದಲ್ಲೇ ವಿನ್ಯಾಸ ಮಾಡಿದ್ದು ಯಾವುದು?" ಒಂದೂ ಇಲ್ಲ ಅಂದೆ. ಪಕ್ಕದವನು ತಕ್ಷಣ ಹೇಳಿದ: "ತೇಜಸ್ ಮಾಡಿದ್ರಲ್ಲ, ಅದು ಫೇಲ್ ಆಯ್ತು. ಅದಕ್ಕೇ ರಫೇಲ್ ತರ್ತಿದ್ದಾರೆ. ಅಷ್ಟು ವರ್ಷ ವೇಸ್ಟ್."

ಅವನಿಗೆ ಅಲ್ಲಿ ಸರಿಯಾಗಿ ಉತ್ತರ ಕೊಡಲು ನನಗೆ ಆಗಲಿಲ್ಲ. ಈ ಬರಹ ಆ ಉತ್ತರ.

ಮೊದಲು ಸ್ವಲ್ಪ ಹಿಂದಕ್ಕೆ ಹೋಗೋಣ. ಭಾರತದ ಮೊದಲ ವಿಮಾನವಾಹಕ ನೌಕೆ ವಿಕ್ರಾಂತ್ ನೌಕಾಪಡೆಗೆ ಸೇರಿದ್ದು 1961ರ ಮಾರ್ಚ್ 4ರಂದು, ಬೆಲ್‌ಫಾಸ್ಟ್‌ನಲ್ಲಿ. ಹಡಗು ಬ್ರಿಟನ್ನಿನದು. ಅದರ ಸೀ ಹಾಕ್ ಜೆಟ್‌ಗಳೂ ಬ್ರಿಟನ್ನಿನ ವಿನ್ಯಾಸ, ಆಲಿಜೆ ಫ್ರಾನ್ಸಿನದು. 1971ರ ಯುದ್ಧದಲ್ಲಿ ಇವೇ ವಿಮಾನಗಳು ಬಂಗಾಳ ಕೊಲ್ಲಿಯಿಂದ ಹಾರಿ ಚಿತ್ತಗಾಂಗ್, ಕಾಕ್ಸ್ ಬಜಾರ್ ಮೇಲೆ ದಾಳಿ ಮಾಡಿದವು. 1983ರಲ್ಲಿ ಸೀ ಹ್ಯಾರಿಯರ್ ಗೋವಾಕ್ಕೆ ಬಂತು, ಅದೂ ಬ್ರಿಟನ್ನಿನದೇ. 2010ರಲ್ಲಿ ರಷ್ಯಾದ ಮಿಗ್-29ಕೆ ಬಂತು. ಒಟ್ಟು 45 ಮಿಗ್‌ಗಳಿಗೆ ನಾವು ಆರ್ಡರ್ ಕೊಟ್ಟಿದ್ದೆವು. ಐವತ್ತು ವರ್ಷದಲ್ಲಿ ಹಡಗು ಬದಲಾಯಿತು, ಪೈಲಟ್‌ಗಳ ತಲೆಮಾರು ಬದಲಾಯಿತು. ವಿಮಾನ ಮಾತ್ರ ಯಾವಾಗಲೂ ಬೇರೆಯವರ ಅಂಗಡಿಯದೇ.

ಕೊಂಡು ತಂದರೆ ತಪ್ಪೇನು ಅಂತ ನೀವು ಕೇಳಬಹುದು. ತಪ್ಪಿಲ್ಲ. ಆದರೆ ರಿಪೇರಿಗೆ, ಬಿಡಿಭಾಗಕ್ಕೆ ಮಾರಿದವರ ಬಾಗಿಲಿಗೇ ಹೋಗಬೇಕು. 2016ರಲ್ಲಿ ಮಹಾಲೇಖಪಾಲರ ವರದಿ ಮಿಗ್-29ಕೆ ಬಗ್ಗೆ ಒಂದು ಲೆಕ್ಕ ಕೊಟ್ಟಿತು. ಹಾರಲು ಸಿದ್ಧವಾಗಿದ್ದ ವಿಮಾನಗಳ ಪ್ರಮಾಣ ಶೇಕಡಾ 16ರಿಂದ 38ರ ಒಳಗೆ ಇತ್ತು. ಅಂದರೆ ಹತ್ತು ವಿಮಾನ ಇದ್ದರೆ ಹೆಚ್ಚೆಂದರೆ ನಾಲ್ಕು ಹಾರುತ್ತಿದ್ದವು. ನಮ್ಮದೇ ವಿಮಾನ ಬೇಕು ಅನ್ನುವುದು ಬರೀ ಹೆಮ್ಮೆಯ ಮಾತಲ್ಲ ಅಂತ ಇದರಿಂದ ಗೊತ್ತಾಗುತ್ತದೆ.

ಹಾಗಾದರೆ ವಾಯುಪಡೆಯ ತೇಜಸ್ ಅನ್ನೇ ಹಡಗಿಗೆ ಹಾಕಿದರೆ ಆಗುವುದಿಲ್ಲವೇ? 2001ರ ಜನವರಿ 4ರಂದು ಬೆಂಗಳೂರಿನಲ್ಲಿ ಅದು ಮೊದಲ ಸಲ ಹಾರಿತ್ತು. 2003ರಲ್ಲಿ ಸರ್ಕಾರ ಅದರ ನೌಕಾಪಡೆ ಆವೃತ್ತಿಗೆ ಮಂಜೂರಾತಿ ಕೊಟ್ಟಿತು. ವಿನ್ಯಾಸದ ಹೊಣೆ ಬೆಂಗಳೂರಿನ ಎಡಿಎ ಸಂಸ್ಥೆಯದು, ಕಟ್ಟುವ ಕೆಲಸ ಎಚ್‌ಎಎಲ್‌ನದು. ಚಕ್ರ ಸ್ವಲ್ಪ ಗಟ್ಟಿ ಮಾಡಿ ಒಂದು ಕೊಕ್ಕೆ ಸಿಕ್ಕಿಸಿದರೆ ಸಾಕು ಅಂತ ಹೊರಗಿನವರಿಗೆ ಅನ್ನಿಸಬಹುದು. ಅದು ಹಾಗಲ್ಲ. ಬಿ.ಎಸ್ಸಿ.ಯಲ್ಲಿ ಓದಿದ ಫಿಸಿಕ್ಸ್ ಇಲ್ಲಿ ನನಗೆ ಉಪಯೋಗಕ್ಕೆ ಬಂತು.

ದಾಬೋಳಿಯ ರನ್‌ವೇ ಮೂರು ಕಿಲೋಮೀಟರಿಗೂ ಹೆಚ್ಚು ಉದ್ದ ಇದೆ. ಹಡಗಿನ ಮೇಲೆ ಓಡಲು ಸುಮಾರು 200 ಮೀಟರ್ ಸಿಗುತ್ತದೆ. ಅಷ್ಟರಲ್ಲಿ ವಿಮಾನಕ್ಕೆ ಹಾರುವಷ್ಟು ವೇಗ ಬರುವುದಿಲ್ಲ. ಅದಕ್ಕೆ ನಮ್ಮ ಹಡಗುಗಳ ಮೂತಿಯನ್ನು ಮೇಲಕ್ಕೆ ಬಾಗಿಸಿದ್ದಾರೆ. ಇದಕ್ಕೆ ಸ್ಕೀ-ಜಂಪ್ ಅನ್ನುತ್ತಾರೆ, ಸುಮಾರು 14 ಡಿಗ್ರಿ ಏರು. ವಿಮಾನ ಅದರ ಮೇಲೆ ಓಡಿ, ಎಸೆದ ಕಲ್ಲಿನ ಹಾಗೆ ಮೇಲಕ್ಕೆ ಚಿಮ್ಮುತ್ತದೆ. ಆ ಕ್ಷಣದಲ್ಲಿ ಅದು ಇನ್ನೂ ಪೂರ್ತಿ ಹಾರುತ್ತಿರುವುದಿಲ್ಲ. ಕೆಳಗೆ ಬೀಳುವ ಮೊದಲು ಸಿಗುವ ಕೆಲವೇ ಸೆಕೆಂಡುಗಳಲ್ಲಿ ಎಂಜಿನ್ ವೇಗ ಹೆಚ್ಚಿಸಬೇಕು. ಎಂಜಿನ್ ದುರ್ಬಲವಾದರೆ, ಇಲ್ಲವೇ ಹೊರೆ ಹೆಚ್ಚಾದರೆ, ಕೆಳಗೆ ಸಮುದ್ರ.

ಇಳಿಯುವುದು ಇನ್ನೂ ಕಷ್ಟ. ನೆಲದ ಮೇಲೆ ಪೈಲಟ್ ಕೊನೆಗೆ ಮೂತಿ ಎತ್ತಿ ಮೆಲ್ಲಗೆ ಇಳಿಸುತ್ತಾನೆ. ಹಡಗಿನಲ್ಲಿ ಅದಕ್ಕೆ ಜಾಗ ಇಲ್ಲ. ಬಂದ ಇಳಿಜಾರಿನಲ್ಲೇ ನೇರವಾಗಿ ಬಂದು ಡೆಕ್ಕಿಗೆ ಬಡಿಯಬೇಕು. ಕೆಳಗಿಳಿಯುವ ವೇಗ ಸೆಕೆಂಡಿಗೆ ಸುಮಾರು 7 ಮೀಟರ್ ಇದ್ದರೂ ಚಕ್ರದ ಕಾಲುಗಳು ತಡೆಯಬೇಕು. ಇದು ನೆಲದ ವಿಮಾನಕ್ಕೆ ಹೋಲಿಸಿದರೆ ಎರಡು ಪಟ್ಟಿಗೂ ಜಾಸ್ತಿ. ಚಲನಶಕ್ತಿ ವೇಗದ ವರ್ಗದಂತೆ ಏರುತ್ತದೆ ಅಂತ ನೀವು ಓದಿದ್ದೀರಿ. ಹಾಗಾಗಿ ಪೆಟ್ಟು ನಾಲ್ಕು ಪಟ್ಟಿಗಿಂತ ಹೆಚ್ಚು.

ಡೆಕ್ಕಿಗೆ ತಾಗಿದ ಕೂಡಲೇ ಬಾಲದ ಕೊಕ್ಕೆ ಅಡ್ಡ ಎಳೆದ ಉಕ್ಕಿನ ಹಗ್ಗವನ್ನು ಹಿಡಿಯಬೇಕು. ಗಂಟೆಗೆ 240 ಕಿಲೋಮೀಟರ್ ವೇಗದಿಂದ ಸುಮಾರು 90 ಮೀಟರಿನೊಳಗೆ ಸೊನ್ನೆ. ಲೆಕ್ಕ ಹಾಕಿ ನೋಡಿ, ಮೂರು ಸೆಕೆಂಡೂ ಆಗುವುದಿಲ್ಲ. ಗುರುತ್ವದ ಎರಡೂವರೆ ಪಟ್ಟು ಬಲ ವಿಮಾನವನ್ನು ಹಿಂದಕ್ಕೆ ಎಳೆಯುತ್ತದೆ. ಇನ್ನೊಂದು ಸ್ವಾರಸ್ಯ ಇದೆ: ತಾಗುವ ಹೊತ್ತಿಗೆ ಪೈಲಟ್ ಎಂಜಿನ್ ಕಡಿಮೆ ಮಾಡುವುದಿಲ್ಲ, ಪೂರ್ತಿ ಜೋರು ಮಾಡುತ್ತಾನೆ. ಕೊಕ್ಕೆ ಹಗ್ಗವನ್ನು ತಪ್ಪಿಸಿಕೊಂಡರೆ ಮತ್ತೆ ಹಾರಿಹೋಗಬೇಕಲ್ಲ!

ಇಷ್ಟೆಲ್ಲ ತಡೆಯಲು ಕಾಲುಗಳು ದಪ್ಪವಾದವು, ಹೊಟ್ಟೆಯ ಚೌಕಟ್ಟು ಗಟ್ಟಿಯಾಯಿತು, ಡೆಕ್ ಕಾಣಲಿ ಅಂತ ಮೂತಿ ಕೆಳಗೆ ಬಾಗಿತು. ನಿಧಾನವಾಗಿ ಬರಲು ರೆಕ್ಕೆಯ ಬುಡದಲ್ಲಿ ಲೆವ್‌ಕಾನ್ ಎಂಬ ಹೊಸ ಫಲಕ ಸೇರಿತು. ಪ್ರತಿಯೊಂದಕ್ಕೂ ತೂಕ. ಮೊದಲ ಮಾದರಿ ಎನ್‌ಪಿ-1 ಕಾರ್ಖಾನೆಯಿಂದ ಹೊರಬಂದಿದ್ದು 2010ರ ಜುಲೈನಲ್ಲಿ, ಹಾರಿದ್ದು 2012ರ ಏಪ್ರಿಲ್ 27ರಂದು. ಕಾಲುಗಳು ಬೇಕಾದ್ದಕ್ಕಿಂತ ಭಾರವಾಗಿದ್ದವು. ಎಂಜಿನ್ ಒಂದೇ, ಅದೂ ಅಮೆರಿಕದ ಎಫ್404.

ಇಲ್ಲಿಂದ ಕಥೆ ನಮ್ಮ ಊರಿಗೆ ಬರುತ್ತದೆ. ಹೊಸ ವಿಮಾನವನ್ನು ನೇರವಾಗಿ ಹಡಗಿನ ಮೇಲೆ ಪರೀಕ್ಷೆ ಮಾಡುವ ಹಾಗಿಲ್ಲ. ಅದಕ್ಕಾಗಿ ದಾಬೋಳಿಯ ಐಎನ್ಎಸ್ ಹಂಸದಲ್ಲಿ ನೆಲದ ಮೇಲೆಯೇ ಹಡಗಿನ ಡೆಕ್ಕಿನಂಥದ್ದನ್ನು ಕಟ್ಟಿದರು: ಒಂದು ಕಡೆ ಸ್ಕೀ-ಜಂಪ್, ಇನ್ನೊಂದು ಕಡೆ ತಡೆಹಗ್ಗ. 2014ರ ಡಿಸೆಂಬರ್ 20ರಂದು ಕಮೊಡೋರ್ ಜೈದೀಪ್ ಮಾವಳಂಕರ್ ಎನ್‌ಪಿ-1 ಅನ್ನು ಆ ಏರಿನಿಂದ ಹಾರಿಸಿದರು. ನಾವು ಕ್ರಿಸ್ಮಸ್‌ಗೆ ಗೋದಲಿ ಕಟ್ಟುತ್ತಿದ್ದ ದಿನಗಳು ಅವು. ಅಂದು ನಮ್ಮ ತಲೆಯ ಮೇಲೆ ಹೋದ ಸದ್ದುಗಳಲ್ಲಿ ಒಂದು ಅದರದ್ದೂ ಇರಬಹುದು, ನಮಗೆ ಗೊತ್ತಾಗಲಿಲ್ಲ.

ಆಮೇಲೆ ಪೆಟ್ಟು ಬಿತ್ತು. 2016ರ ಡಿಸೆಂಬರ್ 2ರಂದು ಆಗಿನ ನೌಕಾಪಡೆ ಮುಖ್ಯಸ್ಥ ಅಡ್ಮಿರಲ್ ಸುನಿಲ್ ಲಾಂಬಾ ಈ ವಿಮಾನ ನಮ್ಮ ಅಗತ್ಯವನ್ನು ಪೂರೈಸುವುದಿಲ್ಲ ಎಂದು ಬಹಿರಂಗವಾಗಿ ಹೇಳಿದರು. ಕಾರಣ ಸ್ಪಷ್ಟವಾಗಿತ್ತು. ಪೂರ್ತಿ ಇಂಧನ, ಪೂರ್ತಿ ಆಯುಧ ಹೊತ್ತು ಹಡಗಿನಿಂದ ಹಾರಲು ಆ ಒಂದು ಎಂಜಿನ್ ಸಾಲದು. ಮರು ತಿಂಗಳೇ ನೌಕಾಪಡೆ 57 ವಿದೇಶಿ ವಿಮಾನಗಳಿಗಾಗಿ ಮಾಹಿತಿ ಕೇಳಿತು.

ನಮ್ಮ ಹುಡುಗನಿಗೆ ಗೊತ್ತಿದ್ದ ಕಥೆ ಇಲ್ಲಿಗೆ ಮುಗಿಯುತ್ತದೆ. ನನಗೂ ಇಷ್ಟೇ ಗೊತ್ತಿತ್ತು. ಆದರೆ ಎಂಜಿನಿಯರುಗಳು ಮನೆಗೆ ಹೋಗಲಿಲ್ಲ. ತಿರಸ್ಕಾರವಾದ ವಿಮಾನದ ಪರೀಕ್ಷೆಯನ್ನು ಮುಂದುವರಿಸಿದರು. ನೌಕಾಪಡೆಯೂ "ಬೇಡ" ಅಂದ ಮೇಲೆ ಕೈ ಬಿಡಲಿಲ್ಲ. ಪೈಲಟ್‌ಗಳನ್ನು ಕೊಟ್ಟಿತು, ಹಡಗನ್ನೂ ಕೊಟ್ಟಿತು. 2019ರ ಸೆಪ್ಟೆಂಬರ್ 13ರಂದು ಇದೇ ದಾಬೋಳಿಯಲ್ಲಿ ಆ ವಿಮಾನದ ಕೊಕ್ಕೆ ಮೊದಲ ಸಲ ಹಗ್ಗ ಹಿಡಿಯಿತು. 2020ರ ಜನವರಿ 11ರಂದು ಮಾವಳಂಕರ್ ಅದನ್ನು ಸಮುದ್ರದಲ್ಲಿ ಸಾಗುತ್ತಿದ್ದ ವಿಕ್ರಮಾದಿತ್ಯದ ಮೇಲೆ ಇಳಿಸಿದರು. ಮರುದಿನ ಅಲ್ಲಿಂದಲೇ ಹಾರಿಸಿದರು. 2023ರ ಫೆಬ್ರವರಿ 6ರಂದು, ಕೊಚ್ಚಿಯಲ್ಲಿ ನಾವೇ ಕಟ್ಟಿದ ಹೊಸ ವಿಕ್ರಾಂತ್ ಮೇಲೆ ನಾವೇ ಮಾಡಿದ ವಿಮಾನ ಇಳಿಯಿತು. ಹಡಗಿನ ಮೇಲೆ ಇಳಿಯುವ ಜೆಟ್ ಫೈಟರನ್ನು ಸ್ವಂತವಾಗಿ ಮಾಡಿದ ದೇಶಗಳು ಜಗತ್ತಿನಲ್ಲಿ ಬೆರಳೆಣಿಕೆಯಷ್ಟು.

ಹಾಗಂತ ಕಹಿ ಸತ್ಯ ಮುಚ್ಚಿಡಬಾರದು. ಈ ವಿಮಾನ ಯಾವ ಸ್ಕ್ವಾಡ್ರನ್ನಿಗೂ ಸೇರಿಲ್ಲ. ಕೆಲಸ ತುಂಬ ತಡವಾಯಿತು. ಹಡಗಿನಲ್ಲಿ ಜಾಗ ಉಳಿಸಲು ರೆಕ್ಕೆ ಮಡಚಬೇಕು, ಇದರ ರೆಕ್ಕೆ ಮಡಚುವುದಿಲ್ಲ. 1989ರಲ್ಲಿ ಮಂಜೂರಾದ ಕಾವೇರಿ ಎಂಜಿನ್ ತೇಜಸ್‌ಗೆ ಬೇಕಾದಷ್ಟು ಬಲ ಕೊಡಲಿಲ್ಲ. 2025ರ ಏಪ್ರಿಲ್ 28ರಂದು ಭಾರತ 26 ರಫೇಲ್ ಮರೀನ್ ವಿಮಾನಗಳಿಗೆ ಫ್ರಾನ್ಸ್ ಜೊತೆ ಸಹಿ ಹಾಕಿತು. ಆಯುಧ, ತರಬೇತಿ ಎಲ್ಲ ಸೇರಿ ಸುಮಾರು 63,000 ಕೋಟಿ ರೂಪಾಯಿ. ತಡವಾಗಿದ್ದಕ್ಕೆ ದೇಶ ಕೊಡುತ್ತಿರುವ ಬೆಲೆಯೂ ಇದರಲ್ಲಿದೆ.

ಆದರೂ ವೇಸ್ಟ್ ಅನ್ನಲು ನನಗೆ ಮನಸ್ಸಾಗುವುದಿಲ್ಲ. ಅಡ್ಮಿರಲ್ ಬೇಡ ಅಂದದ್ದು ಸರಿ. ಸಮುದ್ರದ ಮಧ್ಯೆ ಅದನ್ನು ಹಾರಿಸುವವರು ಅವರ ಹುಡುಗರು. ದೇಶೀಯ ಎಂಬ ಒಂದೇ ಕಾರಣಕ್ಕೆ ಸಾಲದ ವಿಮಾನವನ್ನು ಅವರ ಕೈಗೆ ಕೊಡುವುದು ದೇಶಭಕ್ತಿಯಲ್ಲ. ಎಂಜಿನಿಯರುಗಳು ನಿಲ್ಲಿಸದೆ ಇದ್ದದ್ದೂ ಅಷ್ಟೇ ಸರಿ. ಕಾಲು ಎಷ್ಟು ದಪ್ಪ ಇರಬೇಕು, ಕೊಕ್ಕೆ ಎಲ್ಲಿರಬೇಕು, ಡೆಕ್ಕಿನ ಮೇಲೆ ಬರುವಾಗ ಕಂಪ್ಯೂಟರ್ ರೆಕ್ಕೆಗಳನ್ನು ಹೇಗೆ ಹಿಡಿಯಬೇಕು ಎಂಬುದನ್ನು ಯಾವ ದೇಶವೂ ಇನ್ನೊಬ್ಬರಿಗೆ ಸುಮ್ಮನೆ ಹೇಳಿಕೊಡುವುದಿಲ್ಲ. ಆ ಲೆಕ್ಕ ಈಗ ಬೆಂಗಳೂರಿನಲ್ಲಿದೆ. ಅದರ ಆಧಾರದ ಮೇಲೆ ಟಿಇಡಿಬಿಎಫ್ ಎಂಬ ಎರಡು ಎಂಜಿನ್ನಿನ, ಮಡಚುವ ರೆಕ್ಕೆಯ ಹೊಸ ಫೈಟರನ್ನು ಎಡಿಎ ರೂಪಿಸುತ್ತಿದೆ. ಅದರ ಎಂಜಿನ್ನುಗಳೂ ಅಮೆರಿಕದ ಎಫ್414. ಆ ಪಾಠ ಇನ್ನೂ ಬಾಕಿ ಇದೆ.

ಕಳೆದ ಭಾನುವಾರ ಪೂಜೆ ಮುಗಿದ ಮೇಲೆ ಚರ್ಚಿನ ಅಂಗಳದಲ್ಲಿ ಆ ಹುಡುಗನಿಗೆ ಇದನ್ನೆಲ್ಲ ಹೇಳಿದೆ. ಸುಮ್ಮನೆ ಕೇಳಿದ. ಕೊನೆಗೆ, "ಹಾಗಾದ್ರೆ ಎರಡು ಎಂಜಿನ್‌ದು ಯಾವಾಗ ಹಾರುತ್ತೆ ಅಣ್ಣಾ?" ಅಂದ. ತಾರೀಖು ಹೇಳಿ ಮಾತು ತಪ್ಪಿದವರು ಈ ಕಥೆಯಲ್ಲಿ ಈಗಾಗಲೇ ಬಹಳ ಜನ ಇದ್ದಾರೆ, ನಾನು ಹೇಳುವುದಿಲ್ಲ ಅಂದೆ. ಅದರ ಮೇಲೆ ಕೆಲಸ ಮಾಡುವವರಲ್ಲಿ ಕೆಲವರು ಈಗ ನಿನ್ನ ವಯಸ್ಸಿನವರೇ ಇರಬೇಕು, ಗಣಿತ ಬಿಡಬೇಡ ಅಂತಲೂ ಹೇಳಿದೆ. ಅಷ್ಟರಲ್ಲಿ ಮೇಲೆ ಒಂದು ಮಿಗ್ ಹೋಯಿತು. ಇಬ್ಬರೂ ಮಾತು ನಿಲ್ಲಿಸಿ ಕಾದೆವು.