ಮೂಲೆಯೊಂದು ಸಾಕು

ಹಾವೇರಿ, ಬ್ಯಾಡಗಿ, ರಾಣೆಬೆನ್ನೂರಿನ ಪೇಟೆಮನೆಗಳಲ್ಲಿ ಸಂಗೀತಕ್ಕೆಂದು ಬೇರೆ ಕೋಣೆ ಎಲ್ಲಿಂದ ತರೋಣ ಎಂದು ನೀವು ಕೇಳಬಹುದು. ಇದೇ ಸೀಮೆಯ ಹಾನಗಲ್ಲ ತಾಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಜನಿಸಿದ ಪಂಚಾಕ್ಷರಿ ಗವಾಯಿಗಳನ್ನು ನೆನೆಯಿರಿ. ಗದುಗಿನಲ್ಲಿ ನೆಲೆನಿಲ್ಲುವ ಮುನ್ನ ಅವರ ಪಾಠಶಾಲೆ ಊರಿಂದೂರಿಗೆ ಸಂಚರಿಸುತ್ತಿತ್ತು. ಗುರುಗಳು ಅಂಧರು; ಶಿಷ್ಯರಲ್ಲಿಯೂ ಅನೇಕರು ಅಂಧರು. ಇಳಿದ ಜಾಗವೇ ಶಾಲೆ. ದೇವಗಿರಿಯ ಪುಟ್ಟರಾಜ ಗವಾಯಿಗಳು (1914–2010) ಕಲಿತು ಬೆಳೆದದ್ದು ಈ ಗುರುವಿನ ಬಳಿಯಲ್ಲಿಯೇ.

ಮಹಾನಗರದಲ್ಲಿಯೂ ಹೀಗೆಯೇ ಆಯಿತು. 1902ರಲ್ಲಿ ಗೌಹರ್ ಜಾನ್ ಗ್ರಾಮೊಫೋನಿನ ಕಹಳೆಗೆ ಮುಖವಿಟ್ಟು ಹಾಡಿದ್ದು ಕಲಕತ್ತೆಯ ಹೋಟೆಲೊಂದರ ಕೋಣೆಯಲ್ಲಿ. ವಾಸದ ಕೋಣೆಯೇ ಅಂದು ಸ್ಟುಡಿಯೋ ಆಯಿತು.

1950ರ ಜನವರಿ 8ರಂದು ಧಾರವಾಡ ಆಕಾಶವಾಣಿ ಆರಂಭವಾಯಿತು. ಅಂಥ ಕೇಂದ್ರಗಳ ಸ್ಟುಡಿಯೋ ಗೋಡೆಗಳು ನಾದವನ್ನು ಹೀರಿಕೊಳ್ಳುತ್ತವೆ. ಬೋಳು ಗೋಡೆಯಾದರೋ ಅದನ್ನು ಹಿಂದಕ್ಕೆಸೆದು ಸ್ವರವನ್ನು ಕಲಕುತ್ತದೆ. ಹೀರುವ ಈ ಕೆಲಸವನ್ನು ಅಜ್ಜಿ ಹೊಲಿದ ದಪ್ಪ ಕೌದಿಯೂ ತಕ್ಕಮಟ್ಟಿಗೆ ಮಾಡಬಲ್ಲದು. ಹಾಡುವವರ ಎದುರಿನ ಗೋಡೆಗೆ ಅದನ್ನು ತೂಗುಹಾಕಿರಿ. ನೆಲಕ್ಕೆ ಜಮಖಾನೆ ಹಾಸಿರಿ. ತಂಬೂರಿಗೆ ಗೋಡೆ ತಾಗದಂತೆ ಮೊಳದಷ್ಟು ಜಾಗ ಬಿಡಿರಿ.

ದೊಡ್ಡ ಮನೆ ಕಟ್ಟುವವರೆಗೆ ಮಗಳ ಕಲಿಯುವ ವಯಸ್ಸು ಕಾಯುವುದಿಲ್ಲ. ಇಂದೇ ಒಂದು ಮೂಲೆಯನ್ನು ತೆರವು ಮಾಡಿಕೊಡಿರಿ.