ಪರದೇಶದಲ್ಲಿ ಕೈಕಾಸು: ಹುಂಡಿಯಿಂದ ಕಾರ್ಡಿನವರೆಗೆ

2023ರ ಏಪ್ರಿಲ್ 15ರಂದು ಸುಡಾನ್ ದೇಶದ ರಾಜಧಾನಿ ಖಾರ್ಟೂಮಿನಲ್ಲಿ ಸೇನೆಗೂ ಅರೆಸೇನಾ ಪಡೆಗೂ ಕಾಳಗ ಆರಂಭವಾಯಿತು. ಆಗ ಆ ದೇಶದ ಪಶ್ಚಿಮ ಭಾಗದ ಎಲ್ ಫಾಶರ್ ಪಟ್ಟಣದಲ್ಲಿ ಕರ್ನಾಟಕದ 31 ಮಂದಿ ಹಕ್ಕಿಪಿಕ್ಕಿ ಜನ ಸಿಕ್ಕಿಬಿದ್ದಿದ್ದರು. ಹುಣಸೂರು, ಶಿವಮೊಗ್ಗ ಮತ್ತು ಚನ್ನಗಿರಿ ಕಡೆಗಳಿಂದ ಗಿಡಮೂಲಿಕೆ, ತಲೆಗೂದಲಿನ ಎಣ್ಣೆ ಮಾರಲು ಹೋದವರು ಅವರು. ಹೊರಗೆ ಗುಂಡಿನ ಮೊರೆತ, ಒಳಗೆ ಅನ್ನ ನೀರಿಗೆ ಪರದಾಟ. ಸಾಲ ಮಾಡಿ ಸರಕು ಕೊಂಡು ಹೋದವರೂ ಅವರಲ್ಲಿದ್ದರೆಂದು ಆಗ ಪತ್ರಿಕೆಗಳು ವರದಿ ಮಾಡಿದವು.

ಆ ಸುದ್ದಿಯನ್ನು ಓದಿದ ಅನೇಕರಲ್ಲಿ ಒಂದು ಪ್ರಶ್ನೆ ಎದ್ದಿರಬಹುದು. ಚನ್ನಗಿರಿ ತಾಲ್ಲೂಕಿನ ಅಸ್ತಾಪನಹಳ್ಳಿ, ಗೋಪನಾಳದಂಥ ಊರುಗಳಿಂದ ಆಫ್ರಿಕಕ್ಕೆ ಹೋದವರು ಅಲ್ಲಿ ಖರ್ಚಿಗೆ ಏನು ಮಾಡುತ್ತಾರೆ? ಹೊನ್ನಾಳಿಯಲ್ಲಾಗಲಿ ಜಗಳೂರಿನಲ್ಲಾಗಲಿ ಇಂದು ಎಟಿಎಂ ಕಾರ್ಡು ಕಾಣದ ಮನೆ ಅಪರೂಪ. ಅಂಥದೊಂದು ಕಾರ್ಡು ಅವರ ಬಳಿ ಇದ್ದಿದ್ದರೆ ಸಾಕಾಗುತ್ತಿರಲಿಲ್ಲವೇ? ಉತ್ತರ ಬೇಕಾದರೆ, ಮನುಷ್ಯ ಪರಊರಿಗೆ ಹಣವನ್ನು ಹೇಗೆ ಒಯ್ದ ಎಂಬ ಹಳೆಯ ಕಥೆಯನ್ನು ಸ್ವಲ್ಪ ತಿರುವಿಹಾಕಬೇಕು.

ಎಲ್ಲಕ್ಕಿಂತ ಹಳೆಯ ದಾರಿಯೆಂದರೆ ಹಣದ ಬದಲು ಸರಕನ್ನೇ ಒಯ್ಯುವುದು. ಈಗಿನ ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪ ಲಂಬಾಣಿಗರ ಪೂಜ್ಯ ಸಂತ ಸೇವಾಲಾಲರ ಜನ್ಮಸ್ಥಳ. ಲಂಬಾಣಿಗರ ಪೂರ್ವಿಕರು ಸಾವಿರಾರು ಎತ್ತುಗಳ ಮೇಲೆ ಧಾನ್ಯ, ಉಪ್ಪು ಹೇರಿಕೊಂಡು ದೇಶದುದ್ದಕ್ಕೂ ಸಂಚರಿಸಿದರು. ಮೊಗಲರ ಸೇನೆಗೆ ದವಸ ಒದಗಿಸಿದರು. ಟಿಪ್ಪುವಿನ ಮೇಲೆ ದಂಡೆತ್ತಿ ಬಂದ ಇಂಗ್ಲಿಷರ ಸೇನೆಗೂ ಒದಗಿಸಿದರು. ಹೋದಲ್ಲಿ ಮಾರು, ಬಂದದ್ದರಲ್ಲಿ ಕೊಳ್ಳು, ಮುಂದೆ ಸಾಗು. ಅವರ ಬಂಡವಾಳವೆಲ್ಲ ಎತ್ತಿನ ಬೆನ್ನಿನ ಮೇಲೆಯೇ ಇತ್ತು.

ಪೇಟೆಯ ವರ್ತಕರ ದಾರಿ ಬೇರೆ. ನಾಣ್ಯದ ಚೀಲ ಹೊತ್ತು ಕಾಡುದಾರಿಯಲ್ಲಿ ನಡೆದರೆ ಕಳ್ಳರ ಭಯ. ಅದಕ್ಕೆಂದು ಹುಟ್ಟಿದ್ದು ಹುಂಡಿ. ಇದು ದೇವಸ್ಥಾನದ ಕಾಣಿಕೆ ಹುಂಡಿಯಲ್ಲ, ಒಂದು ಚೀಟಿ. ಒಂದು ಊರಿನ ಶರಾಫನ ಬಳಿ ಹಣ ಕಟ್ಟಿ ಚೀಟಿ ಪಡೆದರೆ, ದೂರದ ಊರಿನಲ್ಲಿ ಅವನ ಸಂಬಂಧದ ಶರಾಫ ಅದನ್ನು ನೋಡಿ ಹಣ ಕೊಡುತ್ತಿದ್ದ. ನೋಡಿದ ಕೂಡಲೇ ಹಣ ಕೊಡಬೇಕಾದದ್ದು ದರ್ಶನಿ ಹುಂಡಿ, ಗೊತ್ತಾದ ದಿನಗಳ ಮೇಲೆ ಕೊಡಬೇಕಾದದ್ದು ಮುದ್ದತಿ ಹುಂಡಿ. ಚೀಟಿ ಕಳೆದುಹೋದರೆ ‘ಪೈಠ್’ ಎಂಬ ಎರಡನೆಯ ಪ್ರತಿ, ಅದೂ ಕಳೆದರೆ ‘ಪರಪೈಠ್’ ಎಂಬ ಮೂರನೆಯ ಪ್ರತಿ ಬರೆದುಕೊಡುವ ಪದ್ಧತಿಯೂ ಇತ್ತು. ಇಲ್ಲಿ ಮುಖ್ಯವಾದದ್ದು ಕಾಗದವಲ್ಲ. ಆ ತುದಿಯಲ್ಲಿ ಕುಳಿತವನು ಈ ತುದಿಯವನ ಮಾತನ್ನು ನಂಬುತ್ತಾನೆಯೇ ಎಂಬುದೇ ಮುಖ್ಯ. ನಂಬಿಕೆ ಮುರಿದ ದಿನ ಹುಂಡಿ ಬರೀ ಕಾಗದ.

ಯೂರೋಪಿನಲ್ಲಿ ಇದೇ ಕೆಲಸವನ್ನು ಬ್ಯಾಂಕುಗಳ ಸಾಖಪತ್ರಗಳು ಮಾಡುತ್ತಿದ್ದವು. ಆದರೆ ದೊಡ್ಡ ನಗರಗಳನ್ನು ಬಿಟ್ಟು ಒಳನಾಡಿಗೆ ಹೋದರೆ ಅವನ್ನು ಕೇಳುವವರಿರಲಿಲ್ಲ. ಅಮೆರಿಕನ್ ಎಕ್ಸ್‌ಪ್ರೆಸ್ ಕಂಪನಿಯ ಅಧ್ಯಕ್ಷರೇ ಯೂರೋಪ್ ಪ್ರವಾಸದಲ್ಲಿ ಈ ಕಷ್ಟ ಅನುಭವಿಸಿ ಸಿಟ್ಟಿನಿಂದ ಮರಳಿದರು. ಅವರ ನೌಕರ ಮಾರ್ಸೆಲಸ್ ಬೆರಿ 1891ರಲ್ಲಿ ಟ್ರಾವೆಲರ್ಸ್ ಚೆಕ್ಕನ್ನು ರೂಪಿಸಿದ್ದು ಆ ಬಳಿಕ. ಕೊಳ್ಳುವಾಗ ಒಂದು ಸಹಿ, ಖರ್ಚು ಮಾಡುವಾಗ ಇನ್ನೊಂದು ಸಹಿ. ಎರಡೂ ಹೊಂದಿದರೆ ಹಣ. ಮುಂದಿನ ನೂರು ವರ್ಷ ವಿದೇಶ ಪ್ರವಾಸಿಗರ ಕಿಸೆಯಲ್ಲಿ ಇದೇ ಆಳಿತು.

ಕಾರ್ಡಿನ ಕಥೆ 1950ರಲ್ಲಿ ನ್ಯೂಯಾರ್ಕಿನ ಡೈನರ್ಸ್ ಕ್ಲಬ್‌ನಿಂದ ಆರಂಭವಾಗುತ್ತದೆ. ಮೊದಲು ಅದು ಹೋಟೆಲುಗಳಲ್ಲಿ ಉದ್ದರಿ ಊಟಕ್ಕೆ ಸಿಗುವ ರಟ್ಟಿನ ಚೀಟಿಯಷ್ಟೆ. 1958ರಲ್ಲಿ ಬ್ಯಾಂಕ್ ಆಫ್ ಅಮೆರಿಕ ಕ್ಯಾಲಿಫೋರ್ನಿಯದ ಫ್ರೆಸ್ನೊ ಪಟ್ಟಣದ ಸುಮಾರು 60,000 ಮಂದಿಗೆ ಅಂಚೆಯಲ್ಲಿ ಕಾರ್ಡು ಕಳುಹಿಸಿತು. ಅದೇ ಬೆಳೆದು 1976ರಲ್ಲಿ ವೀಸಾ ಎಂಬ ಹೆಸರು ಪಡೆಯಿತು. ಈ ನಡುವೆ, 1967ರ ಜೂನ್ 27ರಂದು, ಲಂಡನ್ ಬಳಿಯ ಎನ್‌ಫೀಲ್ಡ್‌ನಲ್ಲಿ ಬಾರ್ಕ್ಲೇಸ್ ಬ್ಯಾಂಕು ಹಣ ಕೊಡುವ ಯಂತ್ರವನ್ನು ಗೋಡೆಯಲ್ಲಿ ಕೂರಿಸಿತ್ತು.

ನಮ್ಮಲ್ಲಿ ಕಾರ್ಡು ಬಂದಿತಾದರೂ ಅದಕ್ಕೆ ಗಡಿ ದಾಟುವ ಅನುಮತಿ ಸಿಗಲಿಲ್ಲ. ಸೆಂಟ್ರಲ್ ಬ್ಯಾಂಕ್ 1980ರಲ್ಲಿ ಸೆಂಟ್ರಲ್ ಕಾರ್ಡ್ ತಂದಿತು. ಆ ಬಳಿಕ ಬೇರೆ ಬ್ಯಾಂಕುಗಳೂ ಕಾರ್ಡು ಕೊಟ್ಟವು. ಆ ಕಾಲದ ಕಾರ್ಡುಗಳ ಮೇಲೆ ‘ಭಾರತ ಮತ್ತು ನೇಪಾಳದಲ್ಲಿ ಮಾತ್ರ ಸಲ್ಲುತ್ತದೆ’ ಎಂದು ಅಚ್ಚಾಗಿರುತ್ತಿದ್ದುದನ್ನು ಹಿರಿಯ ಓದುಗರು ಮರೆತಿರಲಾರರು. ಕಾರಣ, 1973ರ ವಿದೇಶಿ ವಿನಿಮಯ ನಿಯಂತ್ರಣ ಕಾಯಿದೆ. ಡಾಲರ್ ಎಂಬುದು ದೇಶದ ಸೊತ್ತು. ಪೆಟ್ರೋಲಿಗೆ, ಗೊಬ್ಬರಕ್ಕೆ ಬೇಕಾದ ಅದನ್ನು ಪ್ರವಾಸಿಯ ಶೋಕಿಗೆ ಕೊಡಲಾಗದು ಎಂಬುದು ಅದರ ನಿಲುವು. ಎಂಟೇ ಡಾಲರ್ ಕಿಸೆಯಲ್ಲಿಟ್ಟುಕೊಂಡು ವಿಮಾನ ಹತ್ತಿದ ಕಥೆಯನ್ನು ಆ ತಲೆಮಾರಿನ ಎಷ್ಟೋ ವಿದ್ಯಾರ್ಥಿಗಳು ಇಂದಿಗೂ ಹೇಳುತ್ತಾರೆ.

1991ರಲ್ಲಿ ದೇಶವೇ ಚಿನ್ನ ಅಡವಿಡುವ ಸ್ಥಿತಿ ಬಂದ ಮೇಲೆ ನೀತಿ ಬದಲಾಯಿತು. 1994ರಲ್ಲಿ ಪ್ರವಾಸ, ವ್ಯಾಪಾರದಂಥ ಚಾಲ್ತಿ ಖಾತೆಯ ವ್ಯವಹಾರಗಳಿಗೆ ರೂಪಾಯಿಯ ಪರಿವರ್ತನೆ ಸಾಧ್ಯವಾಯಿತು. 2000ದ ಜೂನ್ 1ರಂದು ಹಳೆಯ ಕಾಯಿದೆ ಹೋಗಿ ವಿದೇಶಿ ವಿನಿಮಯ ನಿರ್ವಹಣಾ ಕಾಯಿದೆ ಜಾರಿಗೆ ಬಂದಿತು. ‘ನಿಯಂತ್ರಣ’ ಎಂಬ ಮಾತು ‘ನಿರ್ವಹಣೆ’ ಎಂದಾದದ್ದೇ ದೊಡ್ಡ ಬದಲಾವಣೆ. 2004ರಲ್ಲಿ ಒಬ್ಬರು ವರ್ಷಕ್ಕೆ 25,000 ಡಾಲರ್ ಹೊರಗೆ ಕಳುಹಿಸಬಹುದೆಂದು ರಿಸರ್ವ್ ಬ್ಯಾಂಕ್ ಹೇಳಿತು. 2015ರಿಂದ ಆ ಮಿತಿ 2,50,000 ಡಾಲರ್. ವಿದೇಶದಲ್ಲಿ ಡೆಬಿಟ್ ಕಾರ್ಡಿನಿಂದ ಮಾಡಿದ ಖರ್ಚು ಈ ಮಿತಿಯೊಳಗೆ ಬರುತ್ತದೆ. ಪ್ರವಾಸದಲ್ಲಿದ್ದಾಗ ಕ್ರೆಡಿಟ್ ಕಾರ್ಡಿನಲ್ಲಿ ಮಾಡಿದ ಖರ್ಚನ್ನೂ ಸೇರಿಸಲು 2023ರ ಮೇ ತಿಂಗಳಲ್ಲಿ ಸರ್ಕಾರ ಆಜ್ಞೆ ಹೊರಡಿಸಿ, ಜೂನ್ 28ರಂದು ಅದನ್ನು ಮುಂದೂಡಿತು.

ಕಾರ್ಡು ಕೆಲಸ ಮಾಡುವ ಬಗೆ ಹುಂಡಿಯದೇ. ಪರದೇಶದ ಅಂಗಡಿಯವನು ಕಾರ್ಡನ್ನು ಯಂತ್ರಕ್ಕೆ ತಾಗಿಸಿದಾಗ ಅವನ ಬ್ಯಾಂಕು ವೀಸಾ, ಮಾಸ್ಟರ್‌ಕಾರ್ಡ್ ಅಥವಾ ರುಪೇ ಜಾಲದ ಮೂಲಕ ನಮ್ಮ ಬ್ಯಾಂಕನ್ನು ಕೇಳುತ್ತದೆ: ಈ ಮನುಷ್ಯನ ಹಣಕ್ಕೆ ನೀವು ಜವಾಬುದಾರರೇ? ‘ಹೌದು’ ಎಂಬ ಉತ್ತರ ಕೆಲವೇ ಸೆಕೆಂಡುಗಳಲ್ಲಿ ಬರುತ್ತದೆ. ಹಣದ ನಿಜವಾದ ಲೆಕ್ಕ ಬ್ಯಾಂಕುಗಳ ನಡುವೆ ಆಮೇಲೆ ತೀರುತ್ತದೆ.

ಈ ಸೇವೆ ಪುಕ್ಕಟೆಯಲ್ಲ. ಅನೇಕ ಬ್ಯಾಂಕುಗಳು ನಾಣ್ಯ ಪರಿವರ್ತನೆಗೆ ಶೇಕಡ 2ರಿಂದ 3.5ರಷ್ಟು ಹಿಡಿದು, ಅದರ ಮೇಲೆ ತೆರಿಗೆಯನ್ನೂ ಸೇರಿಸುತ್ತವೆ. ಕ್ರೆಡಿಟ್ ಕಾರ್ಡಿನಿಂದ ಎಟಿಎಂನಲ್ಲಿ ನಗದು ತೆಗೆದರೆ ಸಾಮಾನ್ಯವಾಗಿ ಆ ದಿನದಿಂದಲೇ ಬಡ್ಡಿ ಓಡುತ್ತದೆ. ನಗದು ಬೇಕಾದವರಿಗೆ ಡೆಬಿಟ್ ಕಾರ್ಡೇ ಮೇಲು. ಯಂತ್ರ ‘ರೂಪಾಯಿಯಲ್ಲಿ ಕೊಡುತ್ತೀರಾ, ಇಲ್ಲಿಯ ನಾಣ್ಯದಲ್ಲಿ ಕೊಡುತ್ತೀರಾ’ ಎಂದು ಕೇಳಿದರೆ ಅಲ್ಲಿಯ ನಾಣ್ಯವನ್ನೇ ಒಪ್ಪುವುದು ಸಾಮಾನ್ಯವಾಗಿ ಅಗ್ಗ.

ಇನ್ನೊಂದು ಸಂಗತಿ ಎಷ್ಟೋ ಜನರಿಗೆ ತಿಳಿಯುವುದು ವಿಮಾನ ಇಳಿದ ಮೇಲೆ. ರಿಸರ್ವ್ ಬ್ಯಾಂಕಿನ ಆದೇಶದಂತೆ 2020ರ ಮಾರ್ಚ್ 16ರಿಂದ ಹೊಸ ಕಾರ್ಡುಗಳು ಕೈಗೆ ಬರುವಾಗ ದೇಶದೊಳಗಿನ ಬಳಕೆಗಷ್ಟೇ ತೆರೆದಿರುತ್ತವೆ. ವಿದೇಶದ ಬಳಕೆಯನ್ನು ಗ್ರಾಹಕರೇ ಕೇಳಿ ತೆರೆಸಿಕೊಳ್ಳಬೇಕು. ಮೋಸ ತಪ್ಪಿಸಲು ಮಾಡಿದ ಒಳ್ಳೆಯ ಏರ್ಪಾಡು ಇದು, ಆದರೆ ಗೊತ್ತಿಲ್ಲದವನನ್ನು ನಡುದಾರಿಯಲ್ಲಿ ನಿಲ್ಲಿಸುತ್ತದೆ. 2014ರಲ್ಲಿ ಆರಂಭವಾದ ಜನಧನ ಯೋಜನೆಯ ಖಾತೆಗಳೊಂದಿಗೆ ಮನೆಮನೆಗೆ ಬಂದ ರುಪೇ ಕಾರ್ಡು ದೇಶದೊಳಗಿನ ಬಳಕೆಯದು. ಹೊರಗೆ ಸಲ್ಲುವ ರುಪೇ ಗ್ಲೋಬಲ್ ಕಾರ್ಡೇ ಬೇರೆ.

ಈಗ ಎಲ್ ಫಾಶರ್‌ಗೆ ಮರಳೋಣ. ಹಕ್ಕಿಪಿಕ್ಕಿಗಳ ಮೂಲ ಕಸುಬು ಹಕ್ಕಿ ಹಿಡಿಯುವುದು. ಮನೆಮಾತು ಗುಜರಾತಿಗೆ ಹತ್ತಿರದ ವಾಗ್ರಿ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದ ಮೇಲೆ ಬೇಟೆ ನಿಂತಿತು. ಮಣಿಸರ, ಪ್ಲಾಸ್ಟಿಕ್ ಹೂ, ಮೂಲಿಕೆ ಎಣ್ಣೆಗಳ ತಿರುಗಾಟದ ವ್ಯಾಪಾರ ಬದುಕಾಯಿತು. ಆ ತಿರುಗಾಟ ಊರು ದಾಟಿ, ರಾಜ್ಯ ದಾಟಿ, ಆಫ್ರಿಕದ ದೇಶಗಳವರೆಗೆ ಹೋಯಿತು. ಅವರದು ಪ್ರವಾಸಿಯ ಲೆಕ್ಕಕ್ಕೆ ತೀರ ತಿರುಗುಮುರುಗು. ಪ್ರವಾಸಿ ಹಣ ಒಯ್ದು ಕಳೆದು ಬರುತ್ತಾನೆ. ಇವರು ಸರಕು ಒಯ್ದು ಹಣ ತರಬೇಕು. ಎತ್ತಿನ ಬದಲು ವಿಮಾನ ಬಂತು, ಕ್ರಮ ಮಾತ್ರ ಲಂಬಾಣಿಗರ ಹಳೆಯ ಕ್ರಮವೇ.

ಇನ್ನು ಸುಡಾನ್. ಅಮೆರಿಕ 1997ರಲ್ಲಿ ಆ ದೇಶದ ಮೇಲೆ ಆರ್ಥಿಕ ದಿಗ್ಬಂಧನ ಹೇರಿತು. ಜಗತ್ತಿನ ದೊಡ್ಡ ಕಾರ್ಡು ಜಾಲಗಳು ಅಮೆರಿಕದವೇ ಆದ್ದರಿಂದ ಅಲ್ಲಿ ಹೊರದೇಶದ ಕಾರ್ಡುಗಳು ಸಲ್ಲದಾದವು. 2017ರಲ್ಲಿ ದಿಗ್ಬಂಧನ ತೆರವಾಯಿತು, 2020ರ ಡಿಸೆಂಬರಿನಲ್ಲಿ ಭಯೋತ್ಪಾದನೆಯ ಪಟ್ಟಿಯಿಂದಲೂ ಹೆಸರು ಹೋಯಿತು. ಆದರೆ ಇಪ್ಪತ್ತು ವರ್ಷ ಕಡಿದಿದ್ದ ಬ್ಯಾಂಕುಗಳ ನಂಟು ಬೆಳಗಾಗುವುದರಲ್ಲಿ ಕೂಡಲಿಲ್ಲ. ನಗದು ಡಾಲರನ್ನೇ ನಂಬಬೇಕಾದ ದೇಶವಾಗಿ ಅದು ಉಳಿದಿತ್ತು. ಯುದ್ಧ ಬಂದಾಗ ಬ್ಯಾಂಕುಗಳ ಬಾಗಿಲೂ ಮುಚ್ಚಿತು. ಮಾರಾಟ ನಿಂತರೆ ಊಟ ನಿಲ್ಲುತ್ತದೆ. ದುಡಿದ ನಗದು ಕೈಯಲ್ಲಿದ್ದರೂ ಲೂಟಿಯ ಭಯ. ಚನ್ನಗಿರಿಯ ಬ್ಯಾಂಕಿನಲ್ಲಿ ಖಾತೆ ಇದ್ದರೂ ಆ ಊರಿನಲ್ಲಿ ಅದರ ಮಾತು ಕೇಳುವವರಿರಲಿಲ್ಲ. ಇನ್ನೊಂದು ತುದಿಯ ಶರಾಫ ಇಲ್ಲದ ಹುಂಡಿಯಂತೆ.

ಕೊನೆಗೆ ಅವರನ್ನು ಕರೆತಂದದ್ದು ಸರ್ಕಾರ. ಏಪ್ರಿಲ್ 24ರಂದು ಆರಂಭವಾದ ‘ಆಪರೇಷನ್ ಕಾವೇರಿ’ಯಲ್ಲಿ ಹೆಚ್ಚಾಗಿ ಪೋರ್ಟ್ ಸುಡಾನ್‌ನಿಂದ ಜೆಡ್ಡಾ ಮೂಲಕ, ಒಟ್ಟು 3,862 ಮಂದಿಯನ್ನು ಹೊರತರಲಾಯಿತು. ಜೀವ ಉಳಿಯಿತು, ಬಿಟ್ಟು ಬಂದ ಸರಕು ಹೋಯಿತು, ತಂದ ಸಾಲ ಉಳಿಯಿತು.

ಇಂದು ಸಿಂಗಪುರ, ಫ್ರಾನ್ಸ್, ಶ್ರೀಲಂಕಾ, ಮಾರಿಷಸ್‌ಗಳಲ್ಲಿ ನಮ್ಮ ಯುಪಿಐ ಕೂಡ ಕಾಲಿಟ್ಟಿದೆ. ಸಂತೋಷವೇ. ಆದರೆ ಜಾಲ ಮೊದಲು ಹೋಗುವುದು ಪ್ರವಾಸಿ ಹೋಗುವ ದೇಶಕ್ಕೆ. ಬಡ ವ್ಯಾಪಾರಿ ಹೋಗುವ ದೇಶಕ್ಕೆ ಅದು ತಡವಾಗಿ ತಲುಪುತ್ತದೆ. ಆದ್ದರಿಂದ ದೂರದ ದೇಶಕ್ಕೆ ಹೊರಟವರು ಅಲ್ಲಿ ಯಾವ ಕಾರ್ಡು ನಡೆಯುತ್ತದೆಂದು ಬ್ಯಾಂಕಿನಲ್ಲಿ ಮೊದಲೇ ವಿಚಾರಿಸುವುದು, ಎರಡು ಜಾಲಗಳ ಕಾರ್ಡು ಇಟ್ಟುಕೊಳ್ಳುವುದು, ಸ್ವಲ್ಪ ನಗದನ್ನು ಬೇರೆ ಬೇರೆ ಕಡೆ ಇರಿಸುವುದು ಲೇಸು. ಮರಳುವಾಗ 5,000 ಡಾಲರಿಗೆ ಮೀರಿದ ವಿದೇಶಿ ನೋಟು ಇದ್ದರೆ ಸುಂಕದ ಕಟ್ಟೆಯಲ್ಲಿ ಘೋಷಿಸಬೇಕು. ಘೋಷಿಸಿದ ಹಣಕ್ಕೆ ಅಂಜಿಕೆಯಿಲ್ಲ. ಇಷ್ಟನ್ನು ತಿಳಿಸಿಹೇಳುವ ಒಂದು ಶಿಬಿರ ಪಾಸ್‌ಪೋರ್ಟು ಮಾಡಿಸುವ ಮೊದಲೇ ಅಸ್ತಾಪನಹಳ್ಳಿಯಂಥ ಊರುಗಳಲ್ಲಿ ನಡೆದರೆ, ಮುಂದಿನ ಬಾರಿ ಎಣ್ಣೆಯ ಗಂಟು ಹೊತ್ತು ಹೊರಡುವವರಿಗೆ ದೊಡ್ಡ ಉಪಕಾರವಾದೀತು.